ಕಾಯಿಲ್ ಒಲೆಗೆ ನೈಕ್ರೋಮ್ ಸುರುಳಿ ಸುತ್ತುವುದು: ತಂತಿ, ಅಳತೆ, ಎಳೆತ

ಕಾಯಿಲ್ ಒಲೆ ಕೆಟ್ಟಿತೆಂದರೆ ಬಹಳ ಜನ ಸುರುಳಿಯ ತುಂಡಾದ ಎರಡು ತುದಿಗಳನ್ನು ಇಕ್ಕಳದಲ್ಲಿ ತಿರುಚಿ ಸೇರಿಸಿ ಮತ್ತೆ ಸ್ವಿಚ್ ಹಾಕುತ್ತಾರೆ. ಸ್ವಲ್ಪ ದಿನಕ್ಕೇ ಅದು ಮತ್ತೆ ಸುಟ್ಟುಹೋಗುತ್ತದೆ. ತಂತಿಯಲ್ಲಿ ಹತ್ತನೇ ಒಂದು ಪಾಲು ಹೋಯಿತು ಎಂದುಕೊಳ್ಳಿ. ರೆಸಿಸ್ಟೆನ್ಸ್ (ಕರೆಂಟ್‌ಗೆ ತಂತಿ ಒಡ್ಡುವ ತಡೆ, ಓಮ್‌ನಲ್ಲಿ ಅಳೆಯುವುದು) ಇಳಿದು 1000 ವ್ಯಾಟ್‌ನ ಒಲೆ 1110 ವ್ಯಾಟ್ ಎಳೆಯುತ್ತದೆ. ಶಾಖ ಹೆಚ್ಚಿತು, ಅದನ್ನು ಹೊರಬಿಡುವ ತಂತಿ ಮಾತ್ರ ಕಡಿಮೆಯಾಯಿತು. ತಂತಿಯ ಮೈ ಮೇಲಿನ ಹೊರೆ ಶೇ 23ರಷ್ಟು ಏರಿತು. ಆದ್ದರಿಂದ ತೇಪೆ ಬೇಡ, ಹೊಸದನ್ನೇ ಸುತ್ತಿ.

ಕೊಳ್ಳಬೇಕಾದದ್ದು 24 ಗೇಜಿನ (SWG, ಸುಮಾರು 0.56 ಮಿ.ಮೀ. ದಪ್ಪದ) ನೈಕ್ರೋಮ್ ತಂತಿ. ಗೇಜ್ ಅಂಕಿ ಹೆಚ್ಚಿದಷ್ಟೂ ತಂತಿ ತೆಳು. ಶೇ 80 ನಿಕ್ಕಲ್, ಶೇ 20 ಕ್ರೋಮಿಯಂ ಇರುವುದನ್ನೇ ಕೇಳಿ. ದಾವಣಗೆರೆ, ಚಿತ್ರದುರ್ಗದಲ್ಲಿ ಬೋರ್‌ವೆಲ್ ಮೋಟಾರ್ ರಿವೈಂಡಿಂಗ್ ಮಾಡುವವರ ಹತ್ತಿರ ಇರುವುದು ತಾಮ್ರದ ತಂತಿ. ಅದು ಇಲ್ಲಿ ನಡೆಯುವುದಿಲ್ಲ. ಇಷ್ಟೇ ಉದ್ದದ ತಾಮ್ರ ಒಂದು ಓಮ್ ಕೂಡ ತೋರಿಸುವುದಿಲ್ಲ, ಸ್ವಿಚ್ ಹಾಕಿದ ಕೂಡಲೇ ಫ್ಯೂಸ್ ಹಾರುತ್ತದೆ. ಅಂಗಡಿಯಲ್ಲೇ ಒಂದು ಅಯಸ್ಕಾಂತ ಹಿಡಿದು ನೋಡಿ. ತಂತಿ ಅಂಟಿಕೊಂಡರೆ ಅದು ಕಬ್ಬಿಣ, ಕ್ರೋಮಿಯಂ, ಅಲ್ಯೂಮಿನಿಯಂ ಬೆರೆತ ಕಂಥಾಲ್ ಜಾತಿಯದ್ದು. ಅದೂ ಒಳ್ಳೆಯ ತಂತಿಯೇ, ಆದರೆ ಒಮ್ಮೆ ಕಾದ ಮೇಲೆ ಪೆಡಸಾಗಿ ಮುಟ್ಟಿದರೆ ಮುರಿಯುತ್ತದೆ. ಅದರ ಓಮ್ ಲೆಕ್ಕವೂ ಬೇರೆ, ಕೆಳಗಿನ ಅಳತೆ ಅದಕ್ಕೆ ಹೊಂದುವುದಿಲ್ಲ.

230 ವೋಲ್ಟ್‌ನಲ್ಲಿ 1000 ವ್ಯಾಟ್ ಬೇಕಾದರೆ ಕಾದ ಸುರುಳಿ 53 ಓಮ್ ಇರಬೇಕು. ನೈಕ್ರೋಮ್ ಕೆಂಪಗೆ ಕಾದಾಗ ರೆಸಿಸ್ಟೆನ್ಸ್ ಶೇ 6ರಷ್ಟು ಏರುವುದರಿಂದ ತಣ್ಣಗಿರುವಾಗ 50 ಓಮ್ ಸಾಕು. 24 ಗೇಜ್ ಮೀಟರಿಗೆ ಸುಮಾರು 4.4 ಓಮ್, ಅಂದರೆ ಹನ್ನೊಂದೂಕಾಲು ಮೀಟರ್ ತಂತಿ. ತುದಿಗಳಿಗೆ ಇನ್ನೊಂದು 20 ಸೆಂ.ಮೀ. ಸೇರಿಸಿ. ಕತ್ತರಿಸುವ ಮುಂಚೆ ಓಮ್ ಅಳೆಯುವ ಮಲ್ಟಿಮೀಟರ್ ಹಚ್ಚಿ ನೋಡಿ, ಟೇಪಿಗಿಂತ ಮಲ್ಟಿಮೀಟರನ್ನೇ ನಂಬಿ. 26 ಗೇಜಿನಲ್ಲಿ ಏಳೂವರೆ ಮೀಟರಿಗೇ 50 ಓಮ್ ಬರುತ್ತದೆ, ದುಡ್ಡೂ ಉಳಿಯುತ್ತದೆ. ಆದರೆ ತಂತಿಯ ಮೈ ಹೆಚ್ಚುಕಡಿಮೆ ಅರ್ಧಕ್ಕಿಳಿದು ಬೇಗ ಸುಡುತ್ತದೆ.

ಸುತ್ತಲು 5 ಮಿ.ಮೀ. ದಪ್ಪದ, ನೆಟ್ಟಗಿನ ಕಬ್ಬಿಣದ ಸರಳು ಬೇಕು. ಅದನ್ನು ಹ್ಯಾಂಡ್ ಡ್ರಿಲ್‌ಗೆ ಕಚ್ಚಿಸಿ, ತಂತಿಯ ತುದಿಯನ್ನು ಚಕ್‌ನಲ್ಲಿ (ಡ್ರಿಲ್‌ನ ಬಾಯಿಯಲ್ಲಿ) ಸಿಕ್ಕಿಸಿ ನಿಧಾನ ತಿರುಗಿಸಿ. ತಂತಿಯನ್ನು ದಪ್ಪ ಬಟ್ಟೆಯಲ್ಲಿ ಹಿಡಿದು ಒಂದೇ ಬಿಗಿಯಲ್ಲಿ ಬಿಡುತ್ತ ಹೋಗಬೇಕು, ಒಂದು ಸುತ್ತಿಗೆ ಇನ್ನೊಂದು ಸುತ್ತು ತಾಗಿಕೊಂಡಿರಬೇಕು. ಕೈ ಸಡಿಲವಾದ ಜಾಗದಲ್ಲಿ ಸುತ್ತು ದೊಡ್ಡದಾಗಿ, ಮುಂದೆ ಎಳೆಯುವಾಗ ಅಲ್ಲೇ ಹೆಚ್ಚು ಬಿಚ್ಚಿಕೊಳ್ಳುತ್ತದೆ. ಮುಗಿದಾಗ ಸುಮಾರು 640 ಸುತ್ತಿನ, 36 ಸೆಂ.ಮೀ. ಉದ್ದದ ಸುರುಳಿ ಸಿಗುತ್ತದೆ.

ಕೆಲಸ ಕೆಡುವುದು ಎಳೆಯುವಾಗ. ಪಿಂಗಾಣಿ ಪ್ಲೇಟಿನ ಕಾಲುವೆಯುದ್ದಕ್ಕೂ ದಾರ ಕೂರಿಸಿ ಅಳತೆ ತೆಗೆದುಕೊಳ್ಳಿ. ಒಂದು ಮೀಟರ್ ಬಂತೆಂದರೆ ಸುರುಳಿಯನ್ನು ಎರಡು ಕೈಯಲ್ಲಿ ಹಿಡಿದು ಒಂದೇ ಸಮನೆ ಎಳೆದು, ಬಿಟ್ಟ ಮೇಲೆ 97 ಸೆಂ.ಮೀ. ನಿಲ್ಲುವಂತೆ ಮಾಡಿ. ಆಗ ಅದು ಕಾಲುವೆಯಲ್ಲಿ ಬಿಗಿಯಾಗಿ ಕೂರುತ್ತದೆ. ಸ್ವಲ್ಪ ಸ್ವಲ್ಪವೇ ಕೈ ಬದಲಿಸಿ ಎಳೆದರೆ ಒಂದು ಕಡೆ ದಟ್ಟ, ಒಂದು ಕಡೆ ತೆಳು ಆಗುವುದು ಖಂಡಿತ. ಎರಡು ಸುತ್ತಿನ ನಡುವೆ ತಂತಿಯ ದಪ್ಪದ ಹೆಚ್ಚುಕಡಿಮೆ ಎರಡರಷ್ಟು ಸಂದು ಇರಬೇಕು.

ಎರಡೂ ತುದಿಗಳಲ್ಲಿ ತಂತಿಯನ್ನು 5 ಸೆಂ.ಮೀ. ಮಡಚಿ ಜೋಡಿಯಾಗಿ ಹೊಸೆಯಿರಿ. ಅಲ್ಲಿ ಶಾಖ ಕಡಿಮೆಯಾಗಿ ಸ್ಕ್ರೂ ಉಳಿಯುತ್ತದೆ. ಬೆಸುಗೆ ಹಾಕಲು ಹೋಗಬೇಡಿ, ಸೀಸ ಕರಗಿ ಇಳಿಯುತ್ತದೆ. ನಟ್, ಬೋಲ್ಟ್, ಎರಡು ವಾಷರ್ ಹಾಕಿ ಬಿಗಿ ಮಾಡಿ. ಒಳಗಿನ ವೈರಿಗೆ ಫೈಬರ್‌ಗ್ಲಾಸ್ ಸ್ಲೀವ್ ತೊಡಿಸಿ. ಪಿನ್ನು 16 ಆಂಪ್ಸ್‌ನ ಮೂರು ಪಿನ್ನಿನದ್ದೇ ಇರಲಿ, ಅರ್ಥ್ ವೈರ್ ಒಲೆಯ ಕಬ್ಬಿಣದ ಮೈಗೆ ಕಚ್ಚಿರಲೇಬೇಕು. ಈ ಒಲೆಯಲ್ಲಿ ಸುರುಳಿ ತೆರೆದೇ ಇರುತ್ತದೆ, ಉರಿಯುವಾಗ ಪೂರ್ತಿ ಕರೆಂಟ್ ಅದರಲ್ಲೇ. ಸುರುಳಿಯ ಯಾವ ಭಾಗವೂ ಪ್ಲೇಟಿನ ಅಂಚಿಗಿಂತ ಮೇಲೆ ಏಳಬಾರದು, ಎದ್ದರೆ ಪಾತ್ರೆಗೆ ತಾಗುತ್ತದೆ.

ಗೋಡೆಯ ಸಾಕೆಟ್‌ಗೆ ಹಾಕುವ ಮುಂಚೆ ಒಲೆಯ ಸ್ವಿಚ್ ಆನ್ ಮಾಡಿ ಮಲ್ಟಿಮೀಟರಿನಲ್ಲಿ ಪಿನ್ನುಗಳನ್ನು ಅಳೆಯಿರಿ: ಫೇಸ್, ನ್ಯೂಟ್ರಲ್ ನಡುವೆ 50 ಓಮ್ ಬರಬೇಕು, ಅರ್ಥ್ ಪಿನ್ನಿಗೆ ಎರಡರಿಂದಲೂ ಸಂಪರ್ಕವೇ ತೋರಿಸಬಾರದು. ಮೊದಲ ಸಲ ಒಂದೇ ನಿಮಿಷ, ಮಂದ ಬೆಳಕಿನಲ್ಲಿ ಕಾಯಿಸಿ ನೋಡಿ. ಒಂದು ಕಡೆ ಮಾತ್ರ ಹಳದಿಗೆ ತಿರುಗಿದರೆ ಅಲ್ಲಿ ಸುತ್ತುಗಳು ಒತ್ತಿಕೊಂಡಿವೆ. ಒಂದು ಕಡೆ ಕಪ್ಪಗೇ ಉಳಿದರೆ ಸುತ್ತುಗಳು ಪೂರ್ತಿ ತಾಗಿ ಕರೆಂಟ್ ಅಡ್ಡದಾರಿ ಹಿಡಿದಿದೆ. ಪಿನ್ ಕಿತ್ತು, ತಣ್ಣಗಾದ ಮೇಲೆ ಇಕ್ಕಳದಿಂದ ಬಿಡಿಸಿ.

ಜಗಳೂರು, ಮೊಳಕಾಲ್ಮೂರು ಕಡೆಯ ಹಳ್ಳಿಗಳಿಗೆ ಒಂದು ಮಾತು. ಪಂಪ್‌ಸೆಟ್ ಓಡುವ ಹೊತ್ತಿಗೆ ವೋಲ್ಟೇಜ್ 200ಕ್ಕೆ ಇಳಿದರೆ ಈ ಒಲೆ 750 ವ್ಯಾಟ್ ಮಾತ್ರ ಕೊಡುತ್ತದೆ, ಅನ್ನ ತಡವಾಗುತ್ತದೆ. ಅದಕ್ಕೆಂದು ಸುರುಳಿಯನ್ನು 40 ಓಮ್‌ಗೆ ಮೊಟಕು ಮಾಡಿದರೆ, ರಾತ್ರಿ ವೋಲ್ಟೇಜ್ 240ಕ್ಕೆ ಏರಿದಾಗ ಅದೇ ಸುರುಳಿ ಸುಮಾರು 1360 ವ್ಯಾಟ್ ಎಳೆದು ಸುಡುತ್ತದೆ. ಹೆಚ್ಚು ಶಾಖ ಬೇಕೆಂದರೆ 22 ಗೇಜ್ ತಂತಿ ತೆಗೆದುಕೊಂಡು ಉದ್ದ ಹೆಚ್ಚಿಸಿ: 40 ಓಮ್‌ಗೆ ಹದಿನಾಲ್ಕೂವರೆ ಮೀಟರ್. ಅಷ್ಟು ತಂತಿ ಹಿಡಿಸಲು ದೊಡ್ಡ ಪ್ಲೇಟೇ ಬೇಕು.