ಒಂದು ಗ್ರಾಮಸಭೆ, ಎರಡು ಬರಹ: ಪದವಿ ತರಗತಿಯಲ್ಲಿ ಪತ್ರಿಕೋದ್ಯಮ ಕಲಿಸಿದ ನನ್ನ ಅನುಭವ

ಪದವಿ ಕಾಲೇಜಿನಲ್ಲಿ ಪತ್ರಿಕೋದ್ಯಮ ಓದುವವರಲ್ಲಿ ಹೆಚ್ಚಿನವರು ಪತ್ರಕರ್ತರಾಗುವುದಿಲ್ಲ. ತಾಲ್ಲೂಕು ಕೇಂದ್ರದಲ್ಲಿರುವ ನಮ್ಮ ಸರ್ಕಾರಿ ಕಾಲೇಜಿನಲ್ಲಿ ಇತಿಹಾಸ ಮತ್ತು ಐಚ್ಛಿಕ ಕನ್ನಡದ ಜೊತೆ ಈ ವಿಷಯ ತೆಗೆದುಕೊಂಡವರು ಮುಂದೆ ಶಿಕ್ಷಕರಾಗುತ್ತಾರೆ, ಸಹಕಾರ ಸಂಘದ ಕಾರ್ಯದರ್ಶಿಗಳಾಗುತ್ತಾರೆ, ಆಸ್ಪತ್ರೆಯ ಪ್ರಚಾರ ವಿಭಾಗಕ್ಕೋ ಸ್ವಯಂಸೇವಾ ಸಂಸ್ಥೆಗೋ ಸೇರುತ್ತಾರೆ. ಪತ್ರಿಕೆಯ ಡೆಸ್ಕ್‌ಗೆ, ಅಂದರೆ ಸುದ್ದಿ ತಿದ್ದುವ ವಿಭಾಗಕ್ಕೆ, ಹೋಗುವವರು ಒಬ್ಬಿಬ್ಬರು. ಅದೇ ಡೆಸ್ಕ್‌ನಲ್ಲಿ ಹಲವು ವರ್ಷ ದುಡಿದು ಕಲಿಸಲು ಬಂದ ನನಗೆ ಮೊದಲು ಎದುರಾದ ಪ್ರಶ್ನೆ ಇದೇ: ಇವರೆಲ್ಲರಿಗೂ ಬಾಳಿಗೆ ಒದಗುವಂಥದ್ದು ಯಾವುದು? ಈ ಮಾತನ್ನು ಹೇಳಿದವರು ಯಾರು, ಅದು ಅವರಿಗೆ ಹೇಗೆ ಗೊತ್ತು ಎಂದು ಕೇಳುವ ಅಭ್ಯಾಸ ಎಂಬ ಉತ್ತರಕ್ಕೆ ನಾನು ಬಂದೆ. ಇಂದಿಗೂ ಅದನ್ನು ಬಿಟ್ಟಿಲ್ಲ.

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1951ರಲ್ಲಿ ಪತ್ರಿಕೋದ್ಯಮ ತರಗತಿ ಆರಂಭವಾಯಿತು. ನಾಡಿಗ ಕೃಷ್ಣಮೂರ್ತಿ ಅದನ್ನು ಕಟ್ಟಿ ಬೆಳೆಸಿದರು. ಅಲ್ಲಿಂದ ಇಲ್ಲಿಯವರೆಗೆ ಪಠ್ಯಕ್ರಮ ಎಷ್ಟೋ ಸಲ ಬದಲಾಗಿದೆ. ಬದಲಾಗದೆ ಉಳಿದಿರುವುದು ವಿಷಯಗಳನ್ನು ಬೇರೆ ಬೇರೆ ಕೋಣೆಗಳಲ್ಲಿಟ್ಟು ಕಲಿಸುವ ರೂಢಿ. ಒಂದು ಸೆಮಿಸ್ಟರ್‌ನಲ್ಲಿ ವರದಿಗಾರಿಕೆ, ಇನ್ನೊಂದರಲ್ಲಿ ಸಾರ್ವಜನಿಕ ಸಂಪರ್ಕ, ಮತ್ತೊಂದರಲ್ಲಿ ಬರವಣಿಗೆ. ಸುದ್ದಿಮನೆಯಲ್ಲಿ ಈ ಗೋಡೆಗಳೇ ಇಲ್ಲ. ಸಂಜೆ ನಾಲ್ಕರ ನಂತರ ಡೆಸ್ಕ್‌ಗೆ ಬಂದು ಬೀಳುವುದರಲ್ಲಿ ಬಹುಪಾಲು ಪ್ರೆಸ್‌ನೋಟ್‌ಗಳೇ, ಅಂದರೆ ಸಂಸ್ಥೆಗಳು ತಮ್ಮ ಬಗ್ಗೆ ತಾವೇ ಬರೆದು ಕಳುಹಿಸುವ ಪ್ರಕಟಣೆಗಳೇ. ಅವುಗಳಲ್ಲಿ ಸುದ್ದಿ ಎಲ್ಲಿದೆ, ಹೊಗಳಿಕೆ ಎಲ್ಲಿದೆ, ಹೇಳದೆ ಬಿಟ್ಟದ್ದು ಏನು ಎಂದು ಕಂಡುಕೊಳ್ಳುವುದೇ ಉಪಸಂಪಾದಕನ ದಿನದ ಕೆಲಸ. ಪ್ರೆಸ್‌ನೋಟ್ ಬರೆದು ನೋಡದವನಿಗೆ ಅದನ್ನು ಓದಲು ಬರುವುದಿಲ್ಲ ಎಂಬುದು ನನ್ನ ದೃಢವಾದ ನಂಬಿಕೆ.

ಆದ್ದರಿಂದ ಒಂದೇ ಸಭೆಗೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿ, ಒಬ್ಬೊಬ್ಬರಿಂದಲೂ ಎರಡು ಬರಹ ಬರೆಸಲು ಶುರು ಮಾಡಿದೆ. ಮೊದಲನೆಯದು ಗ್ರಾಮ ಪಂಚಾಯಿತಿಯ ಪರವಾಗಿ ಪತ್ರಿಕೆಗಳಿಗೆ ಕಳುಹಿಸುವ ಪ್ರಕಟಣೆ. ಎರಡನೆಯದು ಅದೇ ಸಭೆಯ ವರದಿ. ಗ್ರಾಮಸಭೆಯನ್ನೇ ಆರಿಸಿಕೊಳ್ಳಲು ಕಾರಣವಿದೆ. 1993ರ ಪಂಚಾಯತ್ ರಾಜ್ ಕಾಯ್ದೆಯಂತೆ ಅದು ಆರು ತಿಂಗಳಿಗೆ ಒಮ್ಮೆಯಾದರೂ ನಡೆಯಲೇಬೇಕು, ಯಾರು ಬೇಕಾದರೂ ಕುಳಿತು ಕೇಳಬಹುದು. ಅನುದಾನ, ಕ್ರಿಯಾಯೋಜನೆ, ಫಲಾನುಭವಿಗಳ ಆಯ್ಕೆ ಎಲ್ಲವೂ ಅಲ್ಲಿ ಬಾಯಿಬಿಟ್ಟು ಚರ್ಚೆಯಾಗುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಆ ಹಳ್ಳಿಯವರೇ ಆದ ವಿದ್ಯಾರ್ಥಿಗಳು ನಮ್ಮ ತರಗತಿಯಲ್ಲಿ ಇರುತ್ತಾರೆ.

ಒಂದು ಸಭೆಯಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಎದ್ದು ನಿಂತು, ಪಂಚಾಯಿತಿ ವ್ಯಾಪ್ತಿಯ ಎಲ್ಲ ಮನೆಗಳಿಗೂ ನಳ ಸಂಪರ್ಕ ಕೊಡಲಾಗಿದೆ ಎಂದು ವರದಿ ಓದಿದರು. ಹಿಂದಿನ ಸಾಲಿನಿಂದ ವಯಸ್ಸಾದ ಹೆಂಗಸೊಬ್ಬರು, “ನಳ ಇದೆ ಸ್ವಾಮಿ, ನೀರು ಎಲ್ಲಿದೆ?” ಎಂದು ಕೇಳಿದರು. ಸಭೆಯಲ್ಲಿ ಗದ್ದಲವಾಯಿತು, ಅಧ್ಯಕ್ಷರು ಸಮಾಧಾನ ಹೇಳಿದರು, ಮುಂದಿನ ವಿಷಯ ಬಂತು. ಮಾರನೆಯ ದಿನ ನನ್ನ ಕೈಗೆ ಬಂದ ಪ್ರಕಟಣೆಗಳೆಲ್ಲ ನಳ ಸಂಪರ್ಕ ಪೂರ್ಣಗೊಂಡ ಸಂತೋಷವನ್ನು ಹೇಳುತ್ತಿದ್ದವು. ವರದಿಗಳೆಲ್ಲ ನೀರಿಲ್ಲದ ಗದ್ದಲವನ್ನು ಹೇಳುತ್ತಿದ್ದವು. ಎರಡರಲ್ಲೂ ಸುಳ್ಳಿರಲಿಲ್ಲ. ಆದರೆ ಎರಡನ್ನೂ ಓದಿದವನಿಗೆ ಆ ಕೇರಿಗೆ ಎಷ್ಟು ನೀರು ಬರುತ್ತಿದೆ ಎಂಬುದು ತಿಳಿಯುತ್ತಿರಲಿಲ್ಲ.

ಬರಹಗಳನ್ನು ಹಿಂದಿರುಗಿಸಿ, ಆ ಕೇರಿಗೆ ಹೋಗಿ ಬನ್ನಿ ಎಂದೆ. 2019ರಲ್ಲಿ ಆರಂಭವಾದ ಜಲಜೀವನ ಮಿಷನ್ ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಎಂಬ ಅಳತೆಯನ್ನು ಇಟ್ಟುಕೊಂಡಿದೆ. ಐದು ಜನರ ಮನೆಗೆ 275 ಲೀಟರ್. ವಿದ್ಯಾರ್ಥಿಗಳು 20 ಲೀಟರಿನ ಕ್ಯಾನ್ ಹಿಡಿದು ನಳದ ಮುಂದೆ ನಿಂತರು. ಮೊಬೈಲಿನ ಗಡಿಯಾರ ನೋಡಿಕೊಂಡು, ಕ್ಯಾನ್ ತುಂಬಲು ಎಷ್ಟು ಹೊತ್ತು ಬೇಕು, ನೀರು ಎಷ್ಟು ಹೊತ್ತು ಬರುತ್ತದೆ, ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು ಮನೆಮನೆಯಲ್ಲೂ ಬರೆದುಕೊಂಡರು. ನೀರುಗಂಟಿಯನ್ನು ಮಾತನಾಡಿಸಿದರು. ಟ್ಯಾಂಕಿಗೆ ಹತ್ತಿರದ ಮನೆಗಳಲ್ಲಿ ಬೇಕಾದಷ್ಟು ನೀರು, ದಿಬ್ಬದ ಮೇಲಿನ ಕೇರಿಯಲ್ಲಿ ಒತ್ತಡವೇ ಇಲ್ಲ ಎಂಬುದು ಹೊರಬಂತು. ಆ ಲೆಕ್ಕ ಹಿಡಿದು ಮತ್ತೆ ಪಿಡಿಒ ಅವರ ಬಳಿಗೆ ಹೋದಾಗ ಅವರೂ ಮನಬಿಚ್ಚಿ ಮಾತನಾಡಿದರು. ದಿಬ್ಬಕ್ಕೆ ಪ್ರತ್ಯೇಕ ಟ್ಯಾಂಕ್ ಬೇಕೆಂದು ಕೋರಿ ಬರೆದ ಪತ್ರದ ಪ್ರತಿಯನ್ನೇ ತೋರಿಸಿದರು. ಸಭೆಯಲ್ಲಿ ಅವರು ಅದನ್ನು ಹೇಳಿರಲಿಲ್ಲ, ಯಾರೂ ಕೇಳಿಯೂ ಇರಲಿಲ್ಲ.

ಎರಡನೆಯ ಸಲ ಬಂದ ವರದಿ ಹೇಗಿತ್ತೆಂದು ಬೇರೆ ಹೇಳಬೇಕಿಲ್ಲ. ನನಗೆ ಹೆಚ್ಚು ಸಂತೋಷ ಕೊಟ್ಟದ್ದು ಎರಡನೆಯ ಸಲ ಬಂದ ಪ್ರಕಟಣೆ. ಒಬ್ಬ ವಿದ್ಯಾರ್ಥಿನಿ ಪಂಚಾಯಿತಿಯ ಪರವಾಗಿಯೇ, “ನಳ ಸಂಪರ್ಕ ಪೂರ್ಣಗೊಂಡಿದೆ. ದಿಬ್ಬದ ಮೇಲಿನ ಮನೆಗಳಿಗೆ ಒತ್ತಡದ ಕೊರತೆಯಿಂದ ನೀರು ಸರಿಯಾಗಿ ತಲುಪುತ್ತಿಲ್ಲ. ಪ್ರತ್ಯೇಕ ಟ್ಯಾಂಕ್‌ಗೆ ಮನವಿ ಸಲ್ಲಿಸಲಾಗಿದೆ” ಎಂದು ಬರೆದಿದ್ದಳು. “ಇದನ್ನು ಪಂಚಾಯಿತಿಯವರು ಒಪ್ಪುತ್ತಾರೆಯೇ ಸರ್?” ಎಂದು ಸಹಪಾಠಿಯೊಬ್ಬ ಕೇಳಿದ. ಅಲ್ಲಿಂದ ನಡೆದ ಚರ್ಚೆ ಗಂಟೆ ಬಾರಿಸಿದರೂ ಮುಗಿಯಲಿಲ್ಲ.

ಆಗ ನಾನು ಐವಿ ಲೀ ಅವರ ಕಥೆಯನ್ನು ಹೇಳುತ್ತೇನೆ. ನೋಟ್ಸ್‌ಗಳಲ್ಲಿ ಅವರು ಸಾರ್ವಜನಿಕ ಸಂಪರ್ಕದ ಪಿತಾಮಹರಲ್ಲಿ ಒಬ್ಬರು, ಐದು ಅಂಕದ ಪ್ರಶ್ನೆ. 1906ರ ಅಕ್ಟೋಬರ್‌ನಲ್ಲಿ ಅಮೆರಿಕದ ಅಟ್ಲಾಂಟಿಕ್ ಸಿಟಿ ಬಳಿ ಸೇತುವೆಯಿಂದ ರೈಲು ನೀರಿಗೆ ಬಿದ್ದು 50ಕ್ಕೂ ಹೆಚ್ಚು ಜನ ಸತ್ತಾಗ, ಅಪಘಾತವನ್ನು ಮುಚ್ಚಿಡುವುದು ಕಂಪನಿಗಳ ವಾಡಿಕೆಯಾಗಿತ್ತು. ರೈಲ್ವೆ ಕಂಪನಿಯ ಪರವಾಗಿ ಲೀ ಅವರೇ ಪತ್ರಿಕೆಗಳಿಗೆ ಲಿಖಿತ ಹೇಳಿಕೆ ಕೊಟ್ಟರು, ವರದಿಗಾರರು ಸ್ಥಳಕ್ಕೆ ಹೋಗಲು ಏರ್ಪಾಟು ಮಾಡಿದರು. ಇಷ್ಟಕ್ಕೆ ನಿಲ್ಲಿಸಿದರೆ ಕಥೆ ಅರ್ಧವಾಗುತ್ತದೆ. 1914ರಲ್ಲಿ ಕೊಲರಾಡೊದ ಲಡ್‌ಲೊದಲ್ಲಿ ಮುಷ್ಕರನಿರತ ಗಣಿ ಕಾರ್ಮಿಕರ ಗುಡಾರಗಳ ಮೇಲೆ ದಾಳಿ ನಡೆದು ಹೆಂಗಸರೂ ಮಕ್ಕಳೂ ಸತ್ತರು. ಆಗ ಗಣಿ ಮಾಲೀಕರ ಪರವಾಗಿ ಅದೇ ಲೀ ಹೊರತಂದ ಪ್ರಕಟಣೆಗಳಲ್ಲಿ ಕಾರ್ಮಿಕ ನಾಯಕರ ಸಂಬಳವನ್ನು ಉಬ್ಬಿಸಿ ತೋರಿಸಲಾಗಿತ್ತು. ಒಬ್ಬನೇ ಮನುಷ್ಯ, ಒಂದೇ ಕಸುಬು, ಎಂಟು ವರ್ಷಗಳ ಅಂತರ. ಇದನ್ನು ಕೇಳಿದ ಮಕ್ಕಳು ಪರೀಕ್ಷೆಯಲ್ಲಿ ಏನು ಬರೆಯುತ್ತಾರೋ ಬಿಡಿ, ಪ್ರೆಸ್‌ನೋಟ್ ಕೈಗೆತ್ತಿಕೊಂಡಾಗ ಅಂಕಿಯೊಂದು ಎಲ್ಲಿಂದ ಬಂತೆಂದು ನೋಡುವುದನ್ನು ಕಲಿಯುತ್ತಾರೆ.

ಬರವಣಿಗೆಯ ವಿಷಯಕ್ಕೆ ಬಂದರೆ ನಮ್ಮ ಪಠ್ಯಗಳು ತಲೆಕೆಳಗಾದ ಪಿರಮಿಡ್‌ನಿಂದ, ಅಂದರೆ ಮುಖ್ಯವಾದದ್ದನ್ನು ಮೊದಲು ಹೇಳಿ ಉಳಿದದ್ದನ್ನು ಕೆಳಗಿಡುವ ಕ್ರಮದಿಂದ, ಆರಂಭವಾಗುತ್ತವೆ. ಯಾರು, ಏನು, ಎಲ್ಲಿ, ಯಾವಾಗ, ಏಕೆ, ಎಲ್ಲವೂ ಇಂಟ್ರೊದಲ್ಲಿ, ಅಂದರೆ ಸುದ್ದಿಯ ಮೊದಲ ವಾಕ್ಯದಲ್ಲಿ, ಇರಲಿ ಎನ್ನುತ್ತವೆ. ಇಂಗ್ಲಿಷ್ ವಾಕ್ಯದಲ್ಲಿ ಕ್ರಿಯಾಪದ ಬೇಗ ಬರುತ್ತದೆ, ಉಳಿದದ್ದನ್ನು ಹಿಂದೆ ಜೋಡಿಸಬಹುದು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ. ಐದೂ ಪ್ರಶ್ನೆಗಳನ್ನು ಒಂದೇ ವಾಕ್ಯಕ್ಕೆ ತುರುಕಿದರೆ, “ಇಲ್ಲಿನ ಗ್ರಾಮ ಪಂಚಾಯಿತಿ ಸಭಾಂಗಣದಲ್ಲಿ ಬೆಳಿಗ್ಗೆ 11 ಗಂಟೆಗೆ ಅಧ್ಯಕ್ಷರ ನೇತೃತ್ವದಲ್ಲಿ ನಡೆದ ಗ್ರಾಮಸಭೆಯಲ್ಲಿ ಕುಡಿಯುವ ನೀರು, ರಸ್ತೆ, ಬೀದಿದೀಪ ಮುಂತಾದ ಸಮಸ್ಯೆಗಳ ಕುರಿತು ಸುದೀರ್ಘ ಚರ್ಚೆ ನಡೆಯಿತು” ಎಂಬಂಥದ್ದು ಹುಟ್ಟುತ್ತದೆ. ಅಷ್ಟು ದೂರ ನಡೆದರೂ ಓದುಗನಿಗೆ ಏನೂ ಸಿಕ್ಕಿರುವುದಿಲ್ಲ. “ಮೇಲಿನ ಕೇರಿಯ ನಳಗಳಲ್ಲಿ ಮೂರು ದಿನಕ್ಕೊಮ್ಮೆ ನೀರು ಬರುತ್ತಿದೆ ಎಂದು ಅಲ್ಲಿನ ಮಹಿಳೆಯರು ಗ್ರಾಮಸಭೆಯಲ್ಲಿ ದೂರಿದರು” ಎಂದರೆ ಸುದ್ದಿ ಮುಂದೆ ಬಂತು. ಸಮಯ, ಅಧ್ಯಕ್ಷತೆ ಇತ್ಯಾದಿ ಕೆಳಗೆ ಎಲ್ಲಾದರೂ ಇರಲಿ, ಇಲ್ಲದಿದ್ದರೂ ನಷ್ಟವಿಲ್ಲ. ಇಂಟ್ರೊದಲ್ಲಿ ಒಂದೇ ಸಂಗತಿ, ವಾಕ್ಯ ಹದಿನೈದು ಪದ ದಾಟಬಾರದು ಎಂಬುದು ನಮ್ಮ ತರಗತಿಯ ಕಟ್ಟಳೆ.

ಇನ್ನೊಂದು ಕಟ್ಟಳೆಯ ಬಗ್ಗೆ ನಾನು ಇನ್ನೂ ಕಟ್ಟುನಿಟ್ಟು. “ಎನ್ನಲಾಗಿದೆ”, “ತಿಳಿದುಬಂದಿದೆ”, “ಆರೋಪ ಕೇಳಿಬಂದಿದೆ” ಎಂಬ ಪ್ರಯೋಗಗಳು ಕಂಡಲ್ಲೆಲ್ಲ ಕೆಂಪು ಶಾಯಿಯಲ್ಲಿ “ಯಾರು?” ಎಂದು ಬರೆಯುತ್ತೇನೆ. ಹೇಳಿದವರು ಸಿಕ್ಕರೆ ವಾಕ್ಯ ತಾನಾಗಿ ನೇರವಾಗುತ್ತದೆ. ಸಿಗದಿದ್ದರೆ ಆ ವಾಕ್ಯ ಹೋಗಬೇಕು. ಸಂಕೋಚದ ಹುಡುಗರಿಗೆ ಇದು ಕಷ್ಟ. ಅಧಿಕಾರಿಯ ಹೆಸರು ಹಾಕಲು ಹೆದರುತ್ತಾರೆ, ನಮ್ಮೂರಿನ ಗೌಡರು ಏನೆನ್ನುತ್ತಾರೋ ಎಂದು ಅಂಜುತ್ತಾರೆ. ಆ ಅಂಜಿಕೆಯನ್ನು ಗದರಿಸಿ ಓಡಿಸಲು ಸಾಧ್ಯವಿಲ್ಲ. ಮಾತನ್ನು ಅವರ ಎದುರಿಗೇ ಬರೆದುಕೊಂಡು, ಓದಿ ಹೇಳಿ, ಸರಿಯೇ ಎಂದು ಕೇಳಿ ಬಾ ಎನ್ನುತ್ತೇನೆ. ಎರಡು ಸಲ ಹಾಗೆ ಮಾಡಿದವರ ಧ್ವನಿಯೇ ಬೇರೆಯಾಗುತ್ತದೆ.

ಹೆಸರು ಹಾಕಬಾರದ ಜಾಗಗಳೂ ಇವೆ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 23ನೇ ಕಲಂ ಸಂತ್ರಸ್ತ ಮಗುವಿನ ಹೆಸರನ್ನಷ್ಟೇ ಅಲ್ಲ, ಫೋಟೊ, ವಿಳಾಸ, ಕುಟುಂಬ, ಶಾಲೆ, ನೆರೆಹೊರೆಯ ವಿವರಗಳನ್ನೂ ಬಹಿರಂಗಪಡಿಸದಂತೆ ತಡೆಯುತ್ತದೆ. ಚಿಕ್ಕ ಹಳ್ಳಿಯಲ್ಲಿ ಬೀದಿಯ ಹೆಸರು ಬಂದರೂ ಮನೆ ಗೊತ್ತಾಗಿಬಿಡುತ್ತದೆ. ಇದನ್ನು ಅಂಕಕ್ಕಾಗಿ ಅಲ್ಲದೆ ಮಗುವಿಗಾಗಿ ನೆನಪಿಡಿ ಎಂದು ಪ್ರತಿ ವರ್ಷವೂ ಹೇಳುತ್ತೇನೆ.

ಮಾಹಿತಿ ಹಕ್ಕಿನ ಅರ್ಜಿಯನ್ನು ನಾನು ಬರವಣಿಗೆಯ ಪಾಠವಾಗಿಯೇ ಬಳಸುತ್ತೇನೆ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು, 150 ಪದಗಳನ್ನು ಮೀರಬಾರದು. 10 ರೂಪಾಯಿ ಶುಲ್ಕ, ಉತ್ತರಕ್ಕೆ 30 ದಿನ. “ನಮ್ಮೂರಿನ ರಸ್ತೆ ಏಕೆ ಹಾಳಾಗಿದೆ?” ಎಂದು ಕೇಳಿದರೆ ಏನೂ ಬರುವುದಿಲ್ಲ. ಕಾಮಗಾರಿ ಆದೇಶದ ಪ್ರತಿ, ಅಳತೆ ಪುಸ್ತಕದ ಪ್ರತಿ, ಬಿಲ್ ಪಾವತಿಯ ದಿನಾಂಕ ಎಂದು ದಾಖಲೆಯನ್ನು ಹೆಸರಿಸಿ ಕೇಳಿದರೆ ಕಾಗದ ಕೈಗೆ ಬರುತ್ತದೆ. ಅಳೆದು ತೂಗಿ ಬರೆಯುವುದಕ್ಕೆ ಇದಕ್ಕಿಂತ ಒಳ್ಳೆಯ ತಾಲೀಮನ್ನು ನಾನು ಕಂಡಿಲ್ಲ.

ವಿದ್ಯಾರ್ಥಿಗಳ ಪ್ರಾಯೋಗಿಕ ಪತ್ರಿಕೆ ನಾಲ್ಕು ಪುಟಗಳದ್ದು. ಜುಲೈ 1ರ ಪತ್ರಿಕಾ ದಿನಕ್ಕೆ ತರುವ ಪ್ರಯತ್ನ ಮಾಡುತ್ತೇವೆ. 1843ರಲ್ಲಿ ಅದೇ ದಿನ ಕನ್ನಡದ ಮೊದಲ ಪತ್ರಿಕೆ, ಹರ್ಮನ್ ಮೊಗ್ಲಿಂಗ್ ಅವರ ‘ಮಂಗಳೂರು ಸಮಾಚಾರ’ ಹೊರಬಂದಿತ್ತು. ವಿದ್ಯಾರ್ಥಿಗಳು ಮೊಬೈಲಿನಲ್ಲಿ ಬರೆಯುವುದು ಯೂನಿಕೋಡ್ ಅಕ್ಷರಗಳಲ್ಲಿ, ಪುಟ ಕಟ್ಟುವ ಕಂಪ್ಯೂಟರಿನಲ್ಲಿರುವುದು ನುಡಿ ತಂತ್ರಾಂಶದ ಅಕ್ಷರಗಳು. ಒಂದರಿಂದ ಇನ್ನೊಂದಕ್ಕೆ ಪರಿವರ್ತಿಸುವಾಗ ಒತ್ತಕ್ಷರಗಳು ಮುರಿಯುತ್ತವೆ. ಅದಕ್ಕಾಗಿ ಪ್ರೂಫನ್ನು ಕಾಗದದ ಮೇಲೆ ತೆಗೆದು, ಬರೆದವರಲ್ಲದ ಇಬ್ಬರು ಗಟ್ಟಿಯಾಗಿ ಓದಬೇಕು ಎಂದು ಗೊತ್ತುಮಾಡಿದ್ದೇನೆ.

ಇದನ್ನು ತಮ್ಮ ಕಾಲೇಜಿನಲ್ಲಿ ಮಾಡಲು ಬಯಸುವ ಅಧ್ಯಾಪಕರು ಸೆಮಿಸ್ಟರ್ ಶುರುವಾಗುವ ಮೊದಲೇ ಸುತ್ತಲಿನ ಪಂಚಾಯಿತಿಗಳಿಂದ ಗ್ರಾಮಸಭೆಯ ದಿನಾಂಕ ಕೇಳಿ ಇಟ್ಟುಕೊಳ್ಳಲಿ. ಪ್ರಾಂಶುಪಾಲರಿಂದ ಪತ್ರ ಪಡೆಯಲಿ, ಹೆಣ್ಣುಮಕ್ಕಳು ಹಿಂದಿರುಗುವ ಬಸ್ಸಿನ ವೇಳೆಯನ್ನು ಮೊದಲೇ ವಿಚಾರಿಸಲಿ. ಆಂತರಿಕ ಅಂಕಗಳಲ್ಲಿ ಅರ್ಧವನ್ನು ಬರಹಕ್ಕೂ ಇನ್ನರ್ಧವನ್ನು ಟಿಪ್ಪಣಿ ಪುಸ್ತಕಕ್ಕೂ ಕೊಡುವುದು ಒಳ್ಳೆಯದು. ಯಾರನ್ನು ಮಾತನಾಡಿಸಿದರು, ಏನನ್ನು ಅಳೆದರು ಎಂಬುದು ಇರುವುದು ಆ ಪುಸ್ತಕದಲ್ಲೇ.