ಇಡೀ ರಾತ್ರಿ ಆಟ ನೋಡಿ ಬೈಕ್ ಹತ್ತುವ ಮುಂಚೆ

ಬಯಲಾಟ ಮುಗಿಸಿ ಬೆಳಗಿನ ಜಾವ ಉಡುಪಿ ಕಡೆ ಬೈಕಲ್ಲಿ ಹೊರಡುವವರು ನಮ್ಮಲ್ಲಿ ಜಾಸ್ತಿ ಅಲ್ವಾ? ದಯವಿಟ್ಟು ಅಲ್ಲೇ ಒಂದು ಸಣ್ಣ ನಿದ್ದೆ ಮಾಡಿ. ಆದರೆ 20 ನಿಮಿಷಕ್ಕೆ ಅಲಾರಂ ಇಡಿ, ಮುಕ್ಕಾಲು ಗಂಟೆಗೆ ಬೇಡ.

ನಿದ್ದೆ ಶುರುವಿಂದ ಕೊನೆವರೆಗೆ ಒಂದೇ ತರ ಇರುವುದಿಲ್ಲ. ಮೊದಲು ಹಗುರ ನಿದ್ದೆ, ಆಮೇಲೆ ಗಾಢ ನಿದ್ದೆ, ಕೊನೆಗೆ ಕಣ್ಣುಗುಡ್ಡೆ ಸರಸರ ಓಡಾಡುವ ಕನಸಿನ ನಿದ್ದೆ. ಇಂಥ ಒಂದು ಸುತ್ತಿಗೆ ಸುಮಾರು 90 ನಿಮಿಷ ಬೇಕು. ಗಾಢ ನಿದ್ದೆಯಲ್ಲಿ ಮೆದುಳಿನ ಅಲೆಗಳು ದೊಡ್ಡದಾಗಿ, ತುಂಬಾ ನಿಧಾನವಾಗಿ ಏಳುತ್ತವೆ. ಆ ಹೊತ್ತಲ್ಲಿ ಎದ್ದರೆ ಕಣ್ಣು ಬಿಟ್ಟಿರುತ್ತದೆ, ತಲೆ ಮಾತ್ರ ಅರ್ಧ ಗಂಟೆ ಮಂಕಾಗಿಯೇ ಇರುತ್ತದೆ. ನಾನೊಮ್ಮೆ ಒಂದು ಗಂಟೆ ಮಲಗಿ ಎದ್ದು ಹಾಗೇ ಹೊರಟಿದ್ದೆ. ಮೂಲ್ಕಿಯಿಂದ ಪಡುಬಿದ್ರಿ ತನಕದ ರಸ್ತೆ ಇವತ್ತಿಗೂ ನೆನಪಿಲ್ಲ. ಈಗ ನೆನೆದರೂ ಹೆದರಿಕೆಯಾಗುತ್ತದೆ.

ಕಾಫಿಯನ್ನು ಮಲಗುವ ಮುಂಚೆಯೇ ಕುಡಿಯಿರಿ. ಅದು ಹಿಡಿಯಲು ಹೇಗೂ 20-30 ನಿಮಿಷ ಬೇಕು, ಏಳುವ ಹೊತ್ತಿಗೆ ಸರಿಯಾಗುತ್ತದೆ. ನಿದ್ದೆಗೆಟ್ಟವರಿಗೆ ಗಾಢ ನಿದ್ದೆ ಬೇಗ ಹತ್ತುವುದರಿಂದ, ಎದ್ದ ಮೇಲೆ ಮುಖ ತೊಳೆದು ಹತ್ತು ನಿಮಿಷ ಸುಮ್ನೆ ಅಡ್ಡಾಡಿ.

ಆಮೇಲೂ ರೆಪ್ಪೆ ಭಾರ ಅನಿಸಿದರೆ ಬೈಕ್ ಅಲ್ಲೇ ಬಿಟ್ಟು ಮೊದಲ ಬಸ್ ಹಿಡಿಯಿರಿ.