ಅಡಿಕೆ ಸೋಗೆಯ ಕೆಂಪು ನುಸಿಯೂ ತಿರುಗಿಸಿ ಹಾಕಿದ ಲೆನ್ಸೂ

ಬೇಸಿಗೆಯಲ್ಲಿ ಅಡಿಕೆ ಸೋಗೆಯ ಗರಿಗಳ ಅಡಿಭಾಗದಲ್ಲಿ ಗುಂಪುಗುಂಪಾಗಿ ಕೂರುವ ಕೆಂಪು ನುಸಿ ಬರಿಗಣ್ಣಿಗೆ ಕುಂಕುಮದ ಪುಡಿ ಉದುರಿದಂತೆ ಕಾಣುತ್ತದೆಯೇ ಹೊರತು, ಅದಕ್ಕೆ ಕಾಲುಗಳಿವೆ, ಮೈಮೇಲೆ ಕೂದಲಿದೆ ಎಂಬುದು ತಿಳಿಯುವುದಿಲ್ಲ. ಬೆಳೆದ ಹೆಣ್ಣು ನುಸಿಯ ಉದ್ದ ಮಿಲಿಮೀಟರಿನ ಕಾಲುಭಾಗದಷ್ಟು ಮಾತ್ರ. ತೀರ್ಥಹಳ್ಳಿ ತಾಲ್ಲೂಕಿನ ನಮ್ಮ ತೋಟದಲ್ಲಿ ಈ ನುಸಿಯ ನಿಜರೂಪವನ್ನು ಚಿತ್ರದಲ್ಲಿ ಹಿಡಿಯಬೇಕೆಂಬ ಆಸೆಯೇ ನನ್ನನ್ನು ಲೆನ್ಸಿನ ಮುಂಬದಿಯನ್ನು ಕ್ಯಾಮೆರಾದ ಕಡೆಗೆ ತಿರುಗಿಸಿ ಹಾಕುವ ವಿಧಾನಕ್ಕೆ ಕರೆತಂದಿತು. ಸಣ್ಣ ವಸ್ತುಗಳನ್ನು ಹತ್ತಿರದಿಂದ ತೆಗೆಯಲೆಂದೇ ಮಾಡಿದ ಮ್ಯಾಕ್ರೋ ಲೆನ್ಸ್ ಕೊಳ್ಳಲಾಗದವರು ಮಾಡಿಕೊಳ್ಳುವ ಅಗ್ಗದ ಏರ್ಪಾಡು ಇದು ಎಂದು ಅನೇಕರು ತಿಳಿದಿದ್ದಾರೆ. ಅಗ್ಗವೆಂಬುದು ನಿಜ. ಆದರೆ ಸಾಮಾನ್ಯವಾಗಿ ಸಿಗುವ ಮ್ಯಾಕ್ರೋ ಲೆನ್ಸುಗಳಲ್ಲಿ ಹೆಚ್ಚಿನವು ವಸ್ತುವನ್ನು ಅದರ ನಿಜಗಾತ್ರದವರೆಗೆ ಮಾತ್ರ ಸೆನ್ಸರಿನ, ಅಂದರೆ ಕ್ಯಾಮೆರಾದೊಳಗೆ ಚಿತ್ರ ದಾಖಲಾಗುವ ಫಲಕದ ಮೇಲೆ ಮೂಡಿಸುತ್ತವೆ. ಅದಕ್ಕಿಂತ ಹಿಗ್ಗಿದ ಚಿತ್ರ ಬೇಕಾದಾಗ ತಿರುಗಿಸಿದ ಲೆನ್ಸೇ ಸರಿಯಾದ ದಾರಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇದಕ್ಕೆ ಕಾರಣ ಲೆನ್ಸಿನ ರಚನೆಯಲ್ಲಿಯೇ ಇದೆ. ಸಾಮಾನ್ಯ ಲೆನ್ಸನ್ನು ದೂರದಲ್ಲಿರುವ ದೊಡ್ಡ ವಸ್ತುವಿನ ಚಿಕ್ಕ ಬಿಂಬವನ್ನು ಹತ್ತಿರದ ಸೆನ್ಸರಿನ ಮೇಲೆ ಬೀಳಿಸುವುದಕ್ಕಾಗಿ ರೂಪಿಸಿರುತ್ತಾರೆ, ಅದರ ದೋಷಗಳನ್ನೆಲ್ಲ ಆ ಅಂತರಗಳಿಗೆ ತಕ್ಕಂತೆ ತಿದ್ದಿರುತ್ತಾರೆ. ನಿಜಗಾತ್ರವನ್ನು ಮೀರಿದ ಛಾಯಾಗ್ರಹಣದಲ್ಲಿ ಈ ಲೆಕ್ಕ ತಲೆಕೆಳಗಾಗಿ, ವಸ್ತು ಹತ್ತಿರವೂ ಸೆನ್ಸರು ದೂರವೂ ಆಗುತ್ತದೆ. ಆದ್ದರಿಂದ ಲೆನ್ಸನ್ನೂ ತಿರುಗಿಸಿದರೆ ಅದು ಯಾವ ಕೆಲಸಕ್ಕಾಗಿ ತಯಾರಾಯಿತೋ ಅದಕ್ಕೆ ಹತ್ತಿರದ ಕೆಲಸವನ್ನೇ ಮಾಡುತ್ತದೆ. ಲೆನ್ಸ್ ವಿಶಾಲಕೋನದ್ದಾದಷ್ಟೂ, ಅಂದರೆ ಅದರ ನಾಭಿದೂರವನ್ನು ಹೇಳುವ ಮಿ.ಮೀ. ಸಂಖ್ಯೆ ಕಡಿಮೆಯಾದಷ್ಟೂ, ಹಿಗ್ಗುವಿಕೆ ಹೆಚ್ಚು. 50 ಮಿ.ಮೀ. ಲೆನ್ಸ್ ತಿರುಗಿಸಿದಾಗ ಬಹುಮಟ್ಟಿಗೆ ನಿಜಗಾತ್ರವನ್ನು ಕೊಟ್ಟರೆ, 28 ಮಿ.ಮೀ. ಲೆನ್ಸ್ ಎರಡು ಪಟ್ಟಿಗೂ ತುಸು ಹೆಚ್ಚು ಹಿಗ್ಗಿಸುತ್ತದೆ. ಕ್ಯಾಮೆರಾದೊಂದಿಗೆ ಬರುವ 18-55 ಕಿಟ್ ಲೆನ್ಸನ್ನು ತಿರುಗಿಸಿ ಹಾಕಿ 18ಕ್ಕೆ ಇಟ್ಟರೆ ಮೂರು ಪಟ್ಟನ್ನೂ ಮೀರುತ್ತದೆ. ನಿಖರವಾದ ಪ್ರಮಾಣವನ್ನು ತಿಳಿಯಲು ನಾನು ಶಾಲಾ ಮಕ್ಕಳ ಅಳತೆಪಟ್ಟಿಯ ಮಿಲಿಮೀಟರ್ ಗೆರೆಗಳ ಚಿತ್ರ ತೆಗೆದು, ಸೆನ್ಸರಿನ ಅಗಲವನ್ನು ಚೌಕಟ್ಟಿನಲ್ಲಿ ಕಂಡ ಮಿಲಿಮೀಟರುಗಳಿಂದ ಭಾಗಿಸುತ್ತೇನೆ. ನನ್ನ ಕೆನಾನ್ ಕ್ಯಾಮೆರಾದ ಸೆನ್ಸರ್ 22.3 ಮಿ.ಮೀ. ಅಗಲವಿದೆ, ಚೌಕಟ್ಟಿನಲ್ಲಿ ಹತ್ತು ಗೆರೆಗಳು ಕಂಡರೆ 2.2 ಪಟ್ಟು ಎಂದರ್ಥ.

ಬೇಕಾದ ಉಪಕರಣ ರಿವರ್ಸ್ ರಿಂಗ್ ಎಂಬ ಒಂದು ಲೋಹದ ಬಳೆ ಮಾತ್ರ. ಅದರ ಒಂದು ಬದಿ ಕ್ಯಾಮೆರಾದ ಬಾಯಿಗೆ ಕೂರುತ್ತದೆ, ಇನ್ನೊಂದು ಬದಿಯ ತಿರುಪು ಲೆನ್ಸಿನ ಮುಂದೆ ಫಿಲ್ಟರ್ ಹಾಕುವ ಜಾಗಕ್ಕೆ ಸೇರುತ್ತದೆ. ಕೊಳ್ಳುವಾಗ ಕ್ಯಾಮೆರಾದ ಮಾದರಿಯನ್ನೂ ಲೆನ್ಸಿನ ಮೇಲೆ ಬರೆದಿರುವ ಫಿಲ್ಟರ್ ವ್ಯಾಸವನ್ನೂ ಹೇಳಬೇಕು; ಕೆನಾನಿನ ಕಿಟ್ ಲೆನ್ಸಿಗೆ ಅದು ಹೆಚ್ಚಾಗಿ 58 ಮಿ.ಮೀ., ಹಳೆಯ ನಿಕಾನ್ ಲೆನ್ಸುಗಳಲ್ಲಿ ಅನೇಕಕ್ಕೆ 52. ಲೆನ್ಸ್ ತನ್ನ ಮುಂಬದಿಯಿಂದ ಕೂರುವುದರಿಂದ ಒಂದು ಕಂಪನಿಯ ಲೆನ್ಸನ್ನು ಇನ್ನೊಂದು ಕಂಪನಿಯ ಕ್ಯಾಮೆರಾಕ್ಕೆ ಜೋಡಿಸಲು ಅಡ್ಡಿಯಿಲ್ಲ. ಫಿಲಂ ಕಾಲದ, ಯಾರ ಮನೆಯ ಕಪಾಟಿನಲ್ಲೋ ಉಳಿದ 28 ಮಿ.ಮೀ. ನಿಕಾನ್ ಲೆನ್ಸ್ ನನ್ನ ಕೆನಾನಿನ ಮೇಲೆ ಇಂದಿಗೂ ದುಡಿಯುತ್ತಿದೆ. ಅದನ್ನು ನಾನು ಮೆಚ್ಚುವುದು ಅಪರ್ಚರ್, ಅಂದರೆ ಬೆಳಕು ಒಳಬರುವ ಕಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ಬಳೆಗಾಗಿ: ಪೂರ್ತಿ ತೆರೆದು ಫೋಕಸ್ ಮಾಡಿ, ಆಮೇಲೆ ಬೆರಳಿನಿಂದಲೇ ಎಫ್/8ಕ್ಕೆ ಮುಚ್ಚಬಹುದು (ಎಫ್ ಸಂಖ್ಯೆ ಹೆಚ್ಚಿದಷ್ಟೂ ಕಂಡಿ ಕಿರಿದು). ಕೆನಾನಿನ ಕಿಟ್ ಲೆನ್ಸಿನಲ್ಲಿ ಆ ಬಳೆಯಿಲ್ಲ. ಲೆನ್ಸನ್ನು ಮೊದಲು ನೇರವಾಗಿ ಹಾಕಿ, ಎಫ್/8 ಆರಿಸಿ, ಕಂಡಿಯನ್ನು ಆರಿಸಿದ ಅಳತೆಗೆ ಮುಚ್ಚಿ ತೋರಿಸುವ, ಲೆನ್ಸಿನ ಪಕ್ಕದಲ್ಲಿರುವ ಡೆಪ್ತ್ ಪ್ರಿವ್ಯೂ ಗುಂಡಿಯನ್ನು ಒತ್ತಿ ಹಿಡಿದಂತೆಯೇ ಲೆನ್ಸನ್ನು ಕಳಚಿದರೆ ಕಂಡಿಯ ಎಲೆಗಳು ಅದೇ ಸ್ಥಿತಿಯಲ್ಲಿ ನಿಲ್ಲುತ್ತವೆ. ನಿಕಾನಿನ ಬಳೆಯಿಲ್ಲದ ಲೆನ್ಸುಗಳು ಕಳಚಿದೊಡನೆ ಪೂರ್ತಿ ಮುಚ್ಚಿಕೊಳ್ಳುವುದರಿಂದ, ಹಿಂಬದಿಯ ಸಣ್ಣ ಸನ್ನೆಗೆ ಮಡಚಿದ ಕಾಗದದ ತುಂಡನ್ನು ಆತುಕೊಡಬೇಕಾಗುತ್ತದೆ.

ಹೀಗೆ ಜೋಡಿಸಿದ ಮೇಲೆ ಫೋಕಸ್ ಬಳೆಯಿಂದ ಹೆಚ್ಚಿನ ಪ್ರಯೋಜನವಿಲ್ಲ. ಕ್ಯಾಮೆರಾವೇ ಹಿಂದೆ ಮುಂದೆ ಸರಿಯಬೇಕು. 28 ಮಿ.ಮೀ. ಲೆನ್ಸಿನ ತುದಿಯಿಂದ ವಸ್ತು ಸುಮಾರು ಆರು ಸೆಂಟಿಮೀಟರ್ ದೂರದಲ್ಲಿದ್ದಾಗ ಚಿತ್ರ ಸ್ಪಷ್ಟವಾಗುತ್ತದೆ. ಲೆನ್ಸ್ ಎಷ್ಟೇ ವಿಶಾಲಕೋನದ್ದಾದರೂ ಈ ಅಂತರ ನಾಲ್ಕೂವರೆ ಸೆಂಟಿಮೀಟರಿಗಿಂತ ಕೆಳಗಿಳಿಯುವುದಿಲ್ಲ. ನಿಕಾನ್ ಲೆನ್ಸಿಗೂ ಸೆನ್ಸರಿಗೂ ಮೊದಲೇ ನಿಗದಿಯಾದ 46.5 ಮಿ.ಮೀ. ಜಾಗ ಇಲ್ಲಿ ನಮಗೆ ಲಾಭವಾಗಿ ಒದಗುತ್ತದೆ. ಸ್ಪಷ್ಟತೆಯ ಆಳ, ಅಂದರೆ ಚಿತ್ರದಲ್ಲಿ ಸ್ಪಷ್ಟವಾಗಿ ಕಾಣುವ ಪದರದ ದಪ್ಪ, ಅತಿ ಕಡಿಮೆ: ನಿಜಗಾತ್ರದಲ್ಲಿ ಎಫ್/8ಕ್ಕೆ ಅರ್ಧ ಮಿಲಿಮೀಟರಿಗೆ ತುಸು ಮೇಲೆ, ಎರಡು ಪಟ್ಟಿನಲ್ಲಿ ಮಿಲಿಮೀಟರಿನ ಐದನೇ ಒಂದು ಭಾಗದಷ್ಟು. ಅಪರ್ಚರನ್ನು ಇನ್ನೂ ಮುಚ್ಚಿದರೆ ಆಳ ಹೆಚ್ಚುತ್ತದೆಯಾದರೂ ಬೆಳಕು ಚದರಿ ಇಡೀ ಚಿತ್ರವೇ ಮಂಕಾಗುತ್ತದೆ. ಹಿಗ್ಗಿಸಿದ ಚಿತ್ರದಲ್ಲಿ ಬಳೆಯ ಎಫ್/8 ಪರಿಣಾಮದಲ್ಲಿ ಎಫ್/22ರ ಆಸುಪಾಸು ಇರುವುದೇ ಇದಕ್ಕೆ ಕಾರಣ. ಹೊರಗೆ ಚಿತ್ರ ತೆಗೆಯುವಾಗ ನಾನು ಎಡಗೈಯಿಂದ ಗಿಡದ ದಂಟನ್ನು ಹಿಡಿದು, ಅದೇ ಕೈಯ ಮೇಲೆ ಲೆನ್ಸನ್ನು ಊರುತ್ತೇನೆ. ಆಗ ಗಾಳಿ ಬೀಸಿದರೂ ಎಲೆಯೂ ಕ್ಯಾಮೆರಾವೂ ಒಟ್ಟಿಗೇ ಅಲುಗುತ್ತವೆ.

ಬೆಳಕಿನ ವಿಷಯದಲ್ಲಿ ಮಲೆನಾಡಿನ ತೋಟ ಕಠಿಣವಾದ ಜಾಗ. ಎರಡು ಪಟ್ಟು ಹಿಗ್ಗಿಸಿದಾಗ ಸೆನ್ಸರಿಗೆ ತಲುಪುವ ಬೆಳಕು ಎಂಟು ಹತ್ತು ಪಟ್ಟು ಕುಗ್ಗುತ್ತದೆ, ಅದರ ಮೇಲೆ ತೋಟದ ನೆರಳು ಬೇರೆ. ಆದ್ದರಿಂದ ಫ್ಲ್ಯಾಶ್ ಅನಿವಾರ್ಯ. ಕ್ಯಾಮೆರಾವನ್ನು ಮ್ಯಾನುಯಲ್ಲಿಗೆ ಹಾಕಿ, ಶಟರ್ 1/200, ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) 200 ಇಟ್ಟು, ಫ್ಲ್ಯಾಶನ್ನು ಎಂಟನೆಯ ಅಥವಾ ಹದಿನಾರನೆಯ ಒಂದು ಭಾಗದ ಶಕ್ತಿಗೆ ಇಳಿಸುತ್ತೇನೆ. ಅಷ್ಟು ಇಳಿಸಿದಾಗ ಮಿಂಚು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ಹೊತ್ತು ಇರುವುದರಿಂದ ಕೈನಡುಕ ಚಿತ್ರಕ್ಕೆ ತಗಲುವುದಿಲ್ಲ. ಟಿ.ವಿ. ಪೆಟ್ಟಿಗೆಯೊಳಗೆ ಬರುವ ತೆಳು ಬಿಳಿ ಫೋಮ್ ಹಾಳೆಯನ್ನು ಲೆನ್ಸಿನ ಮೇಲೆ ಚಪ್ಪರದಂತೆ ಬಾಗಿಸಿ ಕಟ್ಟಿ ಬೆಳಕನ್ನು ಮೃದುಗೊಳಿಸುವುದನ್ನು ಮಾತ್ರ ಯಾರೂ ಬಿಡಬಾರದು. ನುಸಿಯ ಮೈಮೇಲಿನ ಕೂದಲುಗಳ ತುದಿಯಲ್ಲಿ ಒಂದೊಂದು ದ್ರವದ ಹನಿ ನಿಂತಿರುತ್ತದೆ, ಮೊಟ್ಟೆಗಳಿಗೆ ಕೂದಲಿನಂಥ ಸಣ್ಣ ತೊಟ್ಟಿರುತ್ತದೆ. ನೇರ ಫ್ಲ್ಯಾಶಿನಲ್ಲಿ ಆ ಹನಿಗಳೆಲ್ಲ ಬರಿಯ ಬಿಳಿ ಚುಕ್ಕಿಗಳಾಗುತ್ತವೆ, ಹಾಳೆಯ ಮೂಲಕ ಬಂದ ಬೆಳಕಿನಲ್ಲಿ ಅವು ಹನಿಗಳೆಂದೇ ಗುರುತಾಗುತ್ತವೆ. ನುಸಿ ಹೆಚ್ಚು ಓಡಾಡುವ ಜೀವಿಯಲ್ಲ. ಗರಿಯ ತುಂಡನ್ನು ಕತ್ತರಿಸಿ ತಂದು ಮೇಜಿನ ಮೇಲೆ, 18ಕ್ಕೆ ಇಟ್ಟ ಕಿಟ್ ಲೆನ್ಸಿನಲ್ಲಿ ಸಾವಧಾನವಾಗಿ ತೆಗೆಯುವುದೇ ಒಳ್ಳೆಯದು.

ಈ ವಿಧಾನವನ್ನು ಕಲಿಯುವವರಿಗೆ ನಾನು ಮೊದಲು ತೋರಿಸುವುದು ನುಸಿಯನ್ನಲ್ಲ, ಜಂಬಿಟ್ಟಿಗೆ ಗೋಡೆಯ ಹಾವಸೆಯನ್ನು. ಮಳೆ ಹಿಂದೆಗೆದ ಮೇಲೆ ಅದರ ದಂಟುಗಳ ತುದಿಯಲ್ಲಿ ಎರಡು ಮೂರು ಮಿಲಿಮೀಟರಿನ ಬೀಜಕಕೋಶಗಳು ನಿಲ್ಲುತ್ತವೆ. ಮುಚ್ಚಳ ಕಳಚಿದ ಕೋಶದ ಬಾಯಿಯ ಸುತ್ತ ಹಲ್ಲುಗಳ ಸಾಲಿದೆ, ಅನೇಕ ಜಾತಿಗಳಲ್ಲಿ ಅವು ಹದಿನಾರು. ಗಾಳಿಯ ತೇವಕ್ಕೆ ತಕ್ಕಂತೆ ಈ ಹಲ್ಲುಗಳು ಬಾಗುತ್ತವೆ. ಒಣಗಿದ ಕೋಶದ ಮೇಲೆ ಮೆಲ್ಲಗೆ ಉಸಿರು ಬಿಟ್ಟರೆ ಅವು ಚಲಿಸುವುದನ್ನು ಲೆನ್ಸಿನ ಮೂಲಕವೇ ನೋಡಬಹುದು. ಹಾವಸೆ ಓಡಿಹೋಗುವುದಿಲ್ಲವಾದ್ದರಿಂದ ಕೂದಲೆಳೆಯಷ್ಟು ಸರಿಸುತ್ತ ಹಲವು ಚಿತ್ರ ತೆಗೆದು, ಸ್ಪಷ್ಟವಾದ ಭಾಗಗಳನ್ನು ಕಂಪ್ಯೂಟರಿನಲ್ಲಿ ಒಂದಾಗಿ ಸೇರಿಸುವ ಅಭ್ಯಾಸಕ್ಕೂ ಅದು ತಕ್ಕದ್ದು. ಮುಂದಿನ ಮೆಟ್ಟಿಲು ಮುಜಂಟಿ ಜೇನು: ಮೇಣದ ಕೊಳವೆಯ ಬಾಯಲ್ಲಿ ಕಾವಲು ಕೂತ ನೊಣಗಳು ಚುಚ್ಚುವುದಿಲ್ಲ, ಹತ್ತಿರ ಹೋದರೂ ಜಾಗ ಬಿಡುವುದು ಕಡಿಮೆ.

ತಿರುಗಿಸಿದ ಲೆನ್ಸಿನ ಹಿಂಬದಿಯ ಗಾಜು ಹೊರಕ್ಕೆ ತೆರೆದಿರುತ್ತದೆ. ಹಳೆಯ ಹಿಂಮುಚ್ಚಳವೊಂದರ ನಡುವೆ ವೃತ್ತಾಕಾರವಾಗಿ ಕತ್ತರಿಸಿ ತೊಡಿಸಿದರೆ ಗಾಜಿಗೂ ವಿದ್ಯುತ್ ಬಿಂದುಗಳಿಗೂ ಬೆರಳು ತಾಗುವುದಿಲ್ಲ. ಆರಿದ್ರೆಯಿಂದ ಆಶ್ಲೇಷೆಯವರೆಗಿನ ಮಳೆಗಾಲದಲ್ಲಿ ಲೆನ್ಸಿನೊಳಗೆ ಬೂಷ್ಟು ಹಿಡಿಯುವುದು ನಮ್ಮ ಕಡೆ ತೀರ ಸಾಮಾನ್ಯ, ಹೀಗಾಗಿ ಕೆಲಸ ಮುಗಿದೊಡನೆ ಒರೆಸಿ, ಸಿಲಿಕಾ ಜೆಲ್ ಹಾಕಿದ ಬಿಗಿ ಮುಚ್ಚಳದ ಡಬ್ಬಿಯಲ್ಲಿಡಬೇಕು.

ಚಿಟ್ಟೆ, ಕೊಡತಿಹುಳುಗಳಿಗೆ ಈ ವಿಧಾನ ಒಗ್ಗುವುದಿಲ್ಲ, ಆರು ಸೆಂಟಿಮೀಟರಿನಷ್ಟು ಹತ್ತಿರಕ್ಕೆ ಅವು ಬಿಡುವುದಿಲ್ಲ. ಇನ್ನೊಂದು ಜೋಡಣೆಯೂ ಇದೆ: ಕ್ಯಾಮೆರಾದಲ್ಲಿರುವ 200 ಮಿ.ಮೀ. ಲೆನ್ಸಿನ ಮುಂದೆ 50 ಮಿ.ಮೀ. ಲೆನ್ಸನ್ನು ತಿರುಗಿಸಿ ಕಟ್ಟಿದರೆ 200ನ್ನು 50ರಿಂದ ಭಾಗಿಸಿದಷ್ಟು, ಅಂದರೆ ನಾಲ್ಕು ಪಟ್ಟು ಹಿಗ್ಗುತ್ತದೆ, ಅಪರ್ಚರನ್ನೂ ಕ್ಯಾಮೆರಾವೇ ನಿಯಂತ್ರಿಸುತ್ತದೆ. ಮೇಜಿನ ಮೇಲಿನ ಕೆಲಸಕ್ಕೆ ಅದು ಅನುಕೂಲ. ಆದರೆ ಭಾರವೂ ಉದ್ದವೂ ಹೆಚ್ಚಾಗುವುದರಿಂದ ತೋಟದೊಳಗೆ ಹೋಗುವಾಗ ನಾನು 28ನ್ನೇ ಒಯ್ಯುತ್ತೇನೆ.